ಈಸ್ಟರ್ ಉಡುಗೊರೆಯ ಪಕ್ಕದಲ್ಲಿ ಮಗುವಿನ ವಯಸ್ಸನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಪುಟಾಣಿಗಳ ಈಸ್ಟರ್ ಉಡುಗೊರೆಗಳ ಪುಟ ನೋಡಿದೆ. ಬಣ್ಣ, ಚಿತ್ರ ಎಲ್ಲಾ ಚೆನ್ನಾಗಿತ್ತು. ಆದರೆ ಯಾವುದು ಒಂದು ವರ್ಷದ ಮಗುವಿಗೆ, ಯಾವುದು ಐದು ವರ್ಷದ ಮಗುವಿಗೆ ಅನ್ನೋದು ಎಲ್ಲೂ ಇರಲಿಲ್ಲ. ನಾನು ಆಟಿಕೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುವವಳು. ಗುಡ್ ಫ್ರೈಡೇ ಹತ್ತಿರ ಬಂತು ಅಂದರೆ ಕೌಂಟರ್ ಮುಂದೆ ಜನ ಜಾಸ್ತಿ. ಈಸ್ಟರ್ ದಿನ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ಪ್ಲಾಸ್ಟಿಕ್ ಮೊಟ್ಟೆಯೊಳಗೆ ಹಿಡಿಸುವಂಥದ್ದು ಏನಿದೆ ಅಂತ ಕೇಳುತ್ತಾರೆ. ಪುಟ್ಟ ಚೆಂಡು, ಉಂಗುರ, ಬೆರಳುದ್ದದ ಕಾರು, ಮಣಿಸರ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಳ್ಳುತ್ತಾರೆ. ಮಗುವಿಗೆ ಎಷ್ಟು ವಯಸ್ಸು ಅಂತ ನಾನೇ ಕೇಳಬೇಕು. ಎಷ್ಟೋ ಸಲ 'ಒಂದೂವರೆ', 'ಎರಡು ತುಂಬಿತು' ಅನ್ನೋ ಉತ್ತರ ಬರುತ್ತೆ. ಆ ವಯಸ್ಸಿನ ಮಗು ಏನು ಸಿಕ್ಕಿದರೂ ಮೊದಲು ಬಾಯಿಗೆ ಇಟ್ಟುಕೊಂಡು ನೋಡುತ್ತೆ ಅನ್ನೋದು ಅವರಿಗೂ ಗೊತ್ತು. ಹಬ್ಬದ ಗಡಿಬಿಡಿಯಲ್ಲಿ ಮರೆತಿರುತ್ತಾರೆ ಅಷ್ಟೆ.

ಅನೇಕ ಆಟಿಕೆಗಳ ಡಬ್ಬಿಯ ಮೇಲೆ ಕೆಂಪು ವೃತ್ತದಲ್ಲಿ ಮಗುವಿನ ಮುಖ, ಪಕ್ಕದಲ್ಲಿ 0-3 ಎಂಬ ಅಂಕಿ, ಅದರ ಮೇಲೆ ಒಂದು ಅಡ್ಡಗೀರು ಇರುತ್ತದೆ. ಮೂರು ವರ್ಷದೊಳಗಿನವರಿಗೆ ಇದು ಬೇಡ ಎಂದು ಅದರ ಅರ್ಥ. ಅದನ್ನು ತೋರಿಸಿದರೆ, 'ನಮ್ಮ ಮೊಮ್ಮಗ ಬಲು ಚೂಟಿ ಕಣಮ್ಮ, ದೊಡ್ಡ ಮಕ್ಕಳ ಆಟಿಕೆಯನ್ನೇ ಆಡ್ತಾನೆ' ಅನ್ನುವ ಅಜ್ಜಿಯರಿದ್ದಾರೆ. ಇರಬಹುದು ಅಜ್ಜೀ, ಬುದ್ಧಿ ಐದು ವರ್ಷದ್ದೇ ಇರಬಹುದು, ಗಂಟಲು ಮಾತ್ರ ಎರಡು ವರ್ಷದ್ದೇ ಅಲ್ವಾ? ಆ ಗುರುತು ಹಾಕುವುದು ಮಗುವಿನ ಜಾಣತನ ಅಳೆಯೋಕೆ ಅಲ್ಲ, ಉಸಿರು ಕಟ್ಟದಿರಲಿ ಅಂತ.

ಆಟಿಕೆ ಪರೀಕ್ಷೆ ಮಾಡುವ ಕಡೆ ಇದಕ್ಕೆಂದೇ ಒಂದು ಪುಟ್ಟ ಕೊಳವೆ ಇರುತ್ತದೆ. ಬಾಯಿಯ ಅಗಲ 31.7 ಮಿಲಿಮೀಟರ್. ಒತ್ತದೆ ಅದರೊಳಗೆ ಪೂರ್ತಿ ಇಳಿಯುವ ವಸ್ತು ಮೂರರೊಳಗಿನ ಮಕ್ಕಳಿಗೆ ಆಗದು. ಮನೆಯಲ್ಲಿ ಅಂಥ ಕೊಳವೆ ಎಲ್ಲಿಂದ ತರೋದು? ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆ ಸಾಕು. ಅದು ಇನ್ನೂ ಸ್ವಲ್ಪ ಅಗಲವಾಗಿರುವುದರಿಂದ ಒಳ್ಳೆಯದೇ. ಅದರೊಳಗೆ ಜಾರಿ ಬಿದ್ದದ್ದನ್ನು ಪಕ್ಕಕ್ಕಿಡಿ. ದೊಡ್ಡ ಆಟಿಕೆಯಾದರೆ ಕಣ್ಣು, ಗುಂಡಿ, ಚಕ್ರಗಳನ್ನು ಒಮ್ಮೆ ಬಲವಾಗಿ ಎಳೆದು ನೋಡಿ. ಬಟ್ಟೆಯ ಮೊಲದ ಕಣ್ಣು ಕಿತ್ತು ಬರುವಂತಿದ್ದರೆ ಅದು ಅಂಗಡಿಯಲ್ಲೇ ಬರಲಿ.

ನನಗೆ ನಿಜಕ್ಕೂ ಭಯ ಹುಟ್ಟಿಸೋದು ಬೇರೆ ಒಂದು. ಒತ್ತಿದರೆ 'ಚಿಂವ್ ಚಿಂವ್' ಅನ್ನುವ ಮರಿಕೋಳಿ, ಅಲ್ಲಾಡಿಸಿದರೆ ಮಿಣುಕುವ ಮೊಟ್ಟೆ. ಮಕ್ಕಳಿಗೆ ಬಲು ಇಷ್ಟ. ಅದನ್ನು ತಿರುಗಿಸಿ ಹಿಂಭಾಗ ನೋಡಿ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಉಗುರಿನಲ್ಲಿ ಎಬ್ಬಿಸಿದರೆ ಮುಚ್ಚಳ ಬರುತ್ತೆ ಅಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಒಳಗಿರೋದು ಗುಂಡಿಯಾಕಾರದ ಬ್ಯಾಟರಿ. ಅದರಲ್ಲೂ 20 ಮಿಲಿಮೀಟರ್ ಅಗಲದ ಲಿಥಿಯಂ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಅಲ್ಲಿನ ಒದ್ದೆ ಮಾಂಸಕ್ಕೆ ತಾಗಿದ ಕೂಡಲೇ ವಿದ್ಯುತ್ ಹರಿದು ಕ್ಷಾರ ಉಂಟಾಗುತ್ತದೆ, ಅದು ಸುಡುತ್ತದೆ. ಎರಡೇ ಗಂಟೆಯಲ್ಲಿ ದೊಡ್ಡ ಗಾಯವಾಗಬಹುದು. ಆಟಿಕೆ ಕೂಗೋದು ನಿಲ್ಲಿಸಿದ ಮೇಲೂ ಬ್ಯಾಟರಿಯಲ್ಲಿ ಸುಡುವಷ್ಟು ಶಕ್ತಿ ಉಳಿದಿರುತ್ತೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು. (ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ಅಂಥ ಮರಿಕೋಳಿಗಳು ನಮ್ಮಲ್ಲಿ ಖರ್ಚಾಗದೆ ಉಳಿದಿವೆ. ಮಾಲೀಕರು ಈ ಪತ್ರ ಓದದಿದ್ದರೆ ಸಾಕು!)

ಇನ್ನು ಚಾಕೊಲೇಟ್. ಟೊಳ್ಳು ಮೊಟ್ಟೆಯ ಬಗ್ಗೆ ನನಗೇನೂ ತಕರಾರಿಲ್ಲ. 1873ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಫ್ರೈ ಚಾಕೊಲೇಟ್ ಕಂಪನಿ, ಎರಡು ವರ್ಷ ಬಿಟ್ಟು ಕ್ಯಾಡ್ಬರಿ ಇಂಥದ್ದನ್ನು ಮಾರಲು ಶುರುಮಾಡಿದವು. ಕೈತುಂಬ ಕಾಣುತ್ತೆ, ತೂಕ ಕಮ್ಮಿ. ಸಿಪ್ಪೆ ತೆಳು, ಒಡೆದು ಚಿಕ್ಕ ಚೂರು ಕೊಟ್ಟರೆ ಬಾಯಲ್ಲೇ ಕರಗುತ್ತೆ. ಪುಟ್ಟ ಮಕ್ಕಳಿಗೆ ಬೇಡವಾದದ್ದು ಅದರ ಪಕ್ಕದ ತಟ್ಟೆಯಲ್ಲಿರುತ್ತೆ. ಮೇಲೆ ಗಟ್ಟಿ ಸಕ್ಕರೆ ಪದರವಿರುವ ಗೋಲಿ ಗಾತ್ರದ ಮೊಟ್ಟೆಗಳು, ಜೆಲ್ಲಿ ಬೀನ್ಸ್, ಮಾರ್ಷ್‌ಮೆಲೊ, ಇಡೀ ಬಾದಾಮಿ. ನಾಲ್ಕು ವರ್ಷ ತುಂಬುವ ತನಕ ಇವುಗಳ ಸುದ್ದಿಗೇ ಹೋಗಬೇಡಿ. ಮೊಟ್ಟೆಯೊಳಗೆ ಆಟಿಕೆ ಬಚ್ಚಿಟ್ಟು ಮಾರುವುದನ್ನಂತೂ ಅಮೆರಿಕದವರು ಒಪ್ಪಿಲ್ಲ. ತಿನಿಸಿನೊಳಗೆ ತಿನ್ನಲಾಗದ ವಸ್ತು ಹುದುಗಿಸಬಾರದು ಅಂತ ಅಲ್ಲಿ 1938ರ ಕಾನೂನೇ ಇದೆ. ಹಾಗಾಗಿ ಒಳಗೆ ಆಟಿಕೆ ಇರುವ ಕಿಂಡರ್ ಸರ್‌ಪ್ರೈಸ್ ಚಾಕೊಲೇಟ್ ಮೊಟ್ಟೆ ಅಲ್ಲಿಗೆ ಹೋಗುವಂತಿಲ್ಲ. ಕಿಂಡರ್ ಜಾಯ್‌ನಲ್ಲಿ ತಿನ್ನೋದು ಒಂದು ಅರ್ಧದಲ್ಲಿ, ಆಟಿಕೆ ಇನ್ನೊಂದು ಅರ್ಧದಲ್ಲಿ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ.

ಸಕ್ಕರೆ ಲೆಕ್ಕ ಹೇಳಿದರೆ ಹಬ್ಬದ ದಿನವೂ ಬಿಡಲ್ವಾ ಅಂತಾರೆ. ಆದರೂ ಹೇಳುತ್ತೇನೆ. 100 ಗ್ರಾಂ ಮಿಲ್ಕ್ ಚಾಕೊಲೇಟಿನಲ್ಲಿ ಹೆಚ್ಚೂಕಡಿಮೆ ಅರ್ಧ ಸಕ್ಕರೆಯೇ. ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಜಾಸ್ತಿ ಸೇರಿಸಿದ ಸಕ್ಕರೆ ಬೇಡ, ಎರಡರೊಳಗೆ ಬೇಡವೇ ಬೇಡ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ. ಈಗ ನೋಡಿ, ಅಜ್ಜಿ ಒಂದು ಮೊಟ್ಟೆ, ಅತ್ತೆ ಒಂದು, ಸೋದರಮಾವ ಒಂದು ತಂದರೆ ಮಗುವಿನ ಮುಂದೆ ಗುಡ್ಡೆ ಬೀಳುತ್ತೆ. ತೆಗೆದಿಟ್ಟರೆ ರಚ್ಚೆ. ಆ ರಚ್ಚೆ ಸಂಭಾಳಿಸೋದು ತಂದವರಲ್ಲ, ತಾಯಿ. ಅದಕ್ಕೇ ತಿನ್ನೋದನ್ನು ತರುವವರು ಒಬ್ಬರೇ ಇರಲಿ, ಉಳಿದವರು ಆಡೋದನ್ನು ತರಲಿ. ಯಾರು ಏನು ಅಂತ ಮೊದಲೇ ಒಂದು ಫೋನ್ ಮಾಡಿ ಕೇಳಿ. ಮಗುವಿಗೆ ಹಾಲು, ಕಡಲೆಕಾಯಿ, ಮೊಟ್ಟೆ ಆಗಿಬರುತ್ತಾ ಅನ್ನೋದೂ ಅದೇ ಫೋನಿನಲ್ಲಿ ಗೊತ್ತಾಗುತ್ತೆ.

ಹಾಗಾದರೆ ಏನು ಕೊಡೋದು? ನನ್ನ ತಂಗಿಯ ಮಗಳಿಗೆ ಎರಡೂವರೆ. ಅಂಗೈಯಗಲದ ಪ್ಲಾಸ್ಟಿಕ್ ಮೊಟ್ಟೆಗಳನ್ನು ತಂದು ಒಂದರೊಳಗೆ ಅವಳದೇ ಕಾಲುಚೀಲ ಇಟ್ಟಿದ್ದೆ. ಒಂದರಲ್ಲಿ ದಪ್ಪ ಕ್ರೇಯಾನ್, ಇನ್ನೊಂದು ಖಾಲಿ. ಖಾಲಿಯದ್ದನ್ನು ತೆರೆದು 'ಇಲ್ಲಾ!' ಅಂತ ಕೇಕೆ ಹಾಕಿ ನಕ್ಕಿದ್ದೇ ನಕ್ಕಿದ್ದು. ಮತ್ತೆ ಮುಚ್ಚಿ ಮತ್ತೆ ತೆರೆದಳು. ಆಮೇಲೆ ಹುಡುಕುವ ಸರದಿ ನಮ್ಮದು. ಅವಳು ಬಚ್ಚಿಡೋದು ಪ್ರತಿ ಸಲ ಅದೇ ದಿಂಬಿನ ಕೆಳಗೆ. ನಾವು ಮನೆಯೆಲ್ಲಾ ಹುಡುಕಿದ ಹಾಗೆ ಮಾಡಬೇಕು, ದಿಂಬಿನ ಹತ್ತಿರ ಬಂದರೆ ಅವಳೇ ಬೆರಳು ತೋರಿಸುತ್ತಾಳೆ. ಈ ವಯಸ್ಸಿಗೆ ಒಳಗೇನಿದೆ ಅನ್ನೋದಕ್ಕಿಂತ ತೆರೆಯೋದೇ ದೊಡ್ಡ ಆಟ. ದಪ್ಪ ರಟ್ಟಿನ ಹಾಳೆಯ ಪುಸ್ತಕ, ಸೋಪಿನ ಗುಳ್ಳೆ ಊದುವ ಡಬ್ಬಿ, ಮರಳಿಗೆ ಪುಟ್ಟ ಸಲಿಕೆ, ಮೆತ್ತನೆಯ ದೊಡ್ಡ ಚೆಂಡು, ಇವೆಲ್ಲಾ ಹಬ್ಬ ಮುಗಿದ ಮೇಲೂ ಕೈಯಲ್ಲಿ ಉಳಿಯುತ್ತವೆ.

ಮೊಟ್ಟೆಯನ್ನೇ ಕೊಟ್ಟರೂ ಆಯಿತಲ್ಲ? ಹಿಂದೆ ಈಸ್ಟರಿಗೆ ಮುಂಚಿನ 40 ದಿನದ ಉಪವಾಸದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಉಪವಾಸ ಅಂತ ಕೋಳಿ ಮೊಟ್ಟೆ ಇಡೋದು ನಿಲ್ಲಿಸುತ್ತಾ? ಹಾಗೆ ಕೂಡಿಬಿದ್ದ ಮೊಟ್ಟೆಗಳೇ ಹಬ್ಬಕ್ಕೆ ಬಣ್ಣ ಹಚ್ಚಿಕೊಂಡು ಬಂದವು. ಈರುಳ್ಳಿ ಸಿಪ್ಪೆಯನ್ನು ಒಂದು ಪಾತ್ರೆ ನೀರಲ್ಲಿ ಚೆನ್ನಾಗಿ ಕುದಿಸಿ, ಸೋಸಿ, ಒಂದು ಚಮಚ ವಿನಿಗರ್ ಹಾಕಿ, ಬೇಯಿಸಿದ ಮೊಟ್ಟೆ ಮುಳುಗಿಸಿಟ್ಟರೆ ಕೆಂಗಂದು ಬಣ್ಣ ಹಿಡಿಯುತ್ತೆ. ಮುಳುಗಿಸುವ ಮೊದಲು ಮಗುವಿನ ಕೈಗೆ ಕ್ರೇಯಾನ್ ಕೊಟ್ಟು ಮೊಟ್ಟೆ ಮೇಲೆ ಗೀಚಲು ಬಿಡಿ. ಮೇಣ ಇದ್ದ ಕಡೆ ಬಣ್ಣ ಹತ್ತಲ್ಲ, ಗೀಚಿದ್ದೆಲ್ಲ ಎದ್ದು ಕಾಣುತ್ತೆ. ತಿನ್ನುವುದಾದರೆ ಎರಡು ಗಂಟೆಗಿಂತ ಹೊರಗಿಡಬೇಡಿ, ಫ್ರಿಜ್‌ಗೆ ಸೇರಿಸಿ.

ಒಂದು ಮಾತು ಬಿಟ್ಟುಹೋಗಿತ್ತು. ನಿಮ್ಮ ಪುಟದಲ್ಲಿ ಜೀವಂತ ಕೋಳಿಮರಿಯ ಚಿತ್ರವೂ ಇತ್ತು. ದಯವಿಟ್ಟು ಅದನ್ನು ಉಡುಗೊರೆ ಅನ್ನಬೇಡಿ. ನೋಡಲು ಆರೋಗ್ಯವಾಗಿರುವ ಮರಿಯ ಮೈಮೇಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದರ ಕಾಟ ಜಾಸ್ತಿ. ಮೊಲವಾದರೆ ಎಂಟು, ಹತ್ತು ವರ್ಷ ಬದುಕುತ್ತೆ. ಸುಮ್ನೆ ಒಂದು ಭಾನುವಾರದ ಖುಷಿಗೆ ತರುವ ಪ್ರಾಣಿ ಅಲ್ಲ ಅದು.

ಮುಂದಿನ ಸಲ ಇಂಥ ಪುಟ ಮಾಡುವಾಗ ಪ್ರತಿ ಚಿತ್ರದ ಕೆಳಗೆ ಯಾವ ವಯಸ್ಸಿಗೆ, ಬ್ಯಾಟರಿ ಇದೆಯೋ ಇಲ್ಲವೋ, ಈ ಎರಡನ್ನು ಹಾಕಿಸಿ. ಜಾಗ ಸಾಲದಿದ್ದರೆ ಚಿತ್ರ ಸ್ವಲ್ಪ ಚಿಕ್ಕದಾದರೂ ನಡೆಯುತ್ತೆ.

ಇಂತಿ,
ಆಟಿಕೆ ಅಂಗಡಿಯಲ್ಲಿ ಕೆಲಸ ಮಾಡುವ ನಿಮ್ಮ ಓದುಗರಲ್ಲೊಬ್ಬಳು