ದುಡಿಯುವ ಜನ ಕಟ್ಟಿದ ಬೆಸಿಲಿಕಾ

ಮಾನ್ಯ ಸಂಪಾದಕರೇ,

ಅಮೆರಿಕದ ವಲಸಿಗರ ಕುರಿತ ನಮ್ಮ ಬರಹಗಳಲ್ಲಿ ಪೋಲೆಂಡಿನ ಕಾರ್ಮಿಕರ ಪ್ರಸ್ತಾಪ ಅಪರೂಪವಾದ್ದರಿಂದ, ಅವರು ಮಿಲ್ವಾಕಿ ನಗರದಲ್ಲಿ ಕಟ್ಟಿದ ಸಂತ ಜೋಸಫಾತ್ ಚರ್ಚಿನ ಚರಿತ್ರೆಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. 1888ರಲ್ಲಿ ಆರಂಭವಾದ ಈ ಧರ್ಮಕೇಂದ್ರಕ್ಕೆ ಹಳೆಯ ಕಟ್ಟಡ ಸಾಲದಾದಾಗ, ಪಾದ್ರಿ ವಿಲ್ಹೆಲ್ಮ್ ಗ್ರುಟ್ಜಾ ಅವರು ಷಿಕಾಗೊದಲ್ಲಿ ಕೆಡವುತ್ತಿದ್ದ ಅಂಚೆ ಮತ್ತು ಸುಂಕ ಕಚೇರಿಯ ಸಾಮಗ್ರಿಯನ್ನು 20,000 ಡಾಲರಿಗೆ ಕೊಂಡು, ಸುಮಾರು 500 ರೈಲು ವ್ಯಾಗನ್‌ಗಳಲ್ಲಿ ತರಿಸಿದರು. ವಾಸ್ತುಶಿಲ್ಪಿ ಎರ್ಹಾರ್ಡ್ ಬ್ರೀಲ್‌ಮೈಯರ್ ಆ ಕಲ್ಲುಗಳಿಗೆ ಹೊಂದುವಂತೆ ತಮ್ಮ ನಕ್ಷೆಯನ್ನೇ ಬದಲಿಸಿ, ರೋಮಿನ ಸಂತ ಪೇತ್ರರ ಬೆಸಿಲಿಕಾವನ್ನು ನೆನಪಿಸುವ ಗುಮ್ಮಟವನ್ನು ಎತ್ತಿ ನಿಲ್ಲಿಸಿದರು. ಆ ಹಳೆಯ ಕಚೇರಿಯಿಂದ ಬಂದ ಬಾಗಿಲಿನ ಹಿಡಿಗಳ ಮೇಲೆ ಅಮೆರಿಕದ ಖಜಾನೆ ಇಲಾಖೆಯ ಮುದ್ರೆ ಹಾಗೆಯೇ ಉಳಿದಿದೆ.

1901ರಲ್ಲಿ ಚರ್ಚಿನ ಪ್ರತಿಷ್ಠಾಪನೆಯಾಯಿತು. ಅದೇ ವರ್ಷ ಗ್ರುಟ್ಜಾ ತೀರಿಕೊಂಡರು. ಭಾರೀ ಸಾಲದಲ್ಲಿದ್ದ ಚರ್ಚನ್ನು 1910ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ವಹಿಸಿಕೊಂಡರು. 1929ರಲ್ಲಿ ಅದು ಬೆಸಿಲಿಕಾ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು, ಎನಿಸಿತು. ಗುಮ್ಮಟದ ಭವ್ಯತೆಯನ್ನಷ್ಟೇ ವರ್ಣಿಸುವುದು ನನ್ನ ದೃಷ್ಟಿಯಲ್ಲಿ ಅರೆಬರೆ ಚರಿತ್ರೆ. ಸಾಲದ ಹೊರೆಯನ್ನು ವರ್ಷಗಟ್ಟಲೆ ಹೊತ್ತ ಬಡ ಕುಟುಂಬಗಳ ಕುರಿತೂ ತಮ್ಮ ಪತ್ರಿಕೆ ವಿಸ್ತೃತ ಲೇಖನವೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು