ಸ್ನೇಹ ಸಂಘಗಳ ಹಿಂದೆ ಯಾರಿದ್ದಾರೆ ಎಂದು ಕೇಳಿ: ಬೆಳಗಾವಿ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,
ಬೆಳಗಾವಿ ಲೋಕಸಭಾ ಕ್ಷೇತ್ರ

ಸಾಹೇಬರೆ, ನಮಸ್ಕಾರ.

ನಾನು ಬೈಲಹೊಂಗಲ ತಾಲೂಕಿನವನು, ಸೈನ್ಯದಲ್ಲಿ ದುಡಿದು ನಿವೃತ್ತನಾದವನು. ಒಂದು ದೂರು ಹಿಡಿದುಕೊಂಡು ಬಹಳ ದಿನಗಳಿಂದ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೇನೆ. ಮಾಜಿ ಸೈನಿಕ ಅಂತ ಎಲ್ಲ ಕಡೆ ಕುರ್ಚಿ ಕೊಡುತ್ತಾರೆ, ಚಹಾ ತರಿಸುತ್ತಾರೆ. ಕೆಲಸ ಮಾತ್ರ ಆಗುವುದಿಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ನಿಮಗೆ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಬೇಡಿಕೆ ಒಂದೇ. ಪರದೇಶದ ಸರ್ಕಾರವಾಗಲಿ, ಅಲ್ಲಿನ ಆಳುವ ಪಕ್ಷವಾಗಲಿ ಬೆನ್ನಿಗೆ ನಿಂತು ನಡೆಸುವ ಸ್ನೇಹ ಸಂಘಗಳು ನಮ್ಮ ನೆಲದಲ್ಲಿ ಓಡಾಡಬೇಕಾದರೆ, ಯಾರ ಪರವಾಗಿ ಬಂದಿದ್ದೇವೆ, ಯಾರ ದುಡ್ಡಿನಲ್ಲಿ ಬಂದಿದ್ದೇವೆ ಎಂದು ಬರೆದುಕೊಡಬೇಕು. ಆ ಪಟ್ಟಿ ಜನರ ಕಣ್ಣಿಗೆ ಬೀಳುವಂತಿರಬೇಕು. ಇದಕ್ಕೊಂದು ಕಾನೂನು ತನ್ನಿ ಎಂದು ನೀವು ಲೋಕಸಭೆಯಲ್ಲಿ ಕೇಳಬೇಕು.

ನಡೆದದ್ದು ಇಷ್ಟು. ಬೆಳಗಾವಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಇಂಥ ಒಂದು ಸಂಘದ ಸಮಾರಂಭವಿತ್ತು. ಸಂಘದ ಹೆಸರು, ದೇಶದ ಹೆಸರು ನನ್ನ ದೂರಿನಲ್ಲಿವೆ. ತನಿಖೆಗೆ ಮೊದಲೇ ಬೀದಿಯಲ್ಲಿ ಕೂಗುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿಲ್ಲ. ಮಾಜಿ ಸೈನಿಕರಿಗೆ ಸನ್ಮಾನ ಎಂದು ಕರೆದಿದ್ದರು. ಊರಿನಿಂದ ಒಂದು ಕ್ರೂಸರ್ ತುಂಬ ಹೋದೆವು. ಪೇಟಾ ಸುತ್ತಿದರು, ಶಾಲು ಹೊದಿಸಿದರು, ಪರದೇಶದ ಅತಿಥಿಗಳು ಕೈಮುಗಿದು ಫೋಟೋ ತೆಗೆಸಿಕೊಂಡರು. ಅಲ್ಲಿಯ ತನಕ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಊಟಕ್ಕೆ ಮೊದಲು ಒಬ್ಬೊಬ್ಬರ ಕೈಗೂ ಒಂದೊಂದು ಚೀಲ ಬಂತು. ಕ್ಯಾಲೆಂಡರು, ಪೆನ್ನು, ಜೊತೆಗೆ ಸದಸ್ಯತ್ವದ ಅರ್ಜಿ.

ಆ ಅರ್ಜಿಯ ಮೊದಲ ಪುಟದಲ್ಲಿ ಎಲ್ಲ ಅರ್ಜಿಗಳಲ್ಲಿ ಇರುವುದೇ ಇತ್ತು: ಹೆಸರು, ಊರು, ವಯಸ್ಸು. ಹಾಳೆ ತಿರುವಿದರೆ ಒಂದು ಕೋಷ್ಟಕ. ‘ಕುಟುಂಬದಲ್ಲಿ ಸೇನೆ ಅಥವಾ ಪೊಲೀಸ್ ಸೇವೆಯಲ್ಲಿರುವವರು’ ಎಂದು ತಲೆಬರಹ. ಅದರ ಕೆಳಗೆ ಹುದ್ದೆ, ಘಟಕ, ಈಗ ಇರುವ ಸ್ಥಳ, ಮುಂದಿನ ರಜೆ ಯಾವಾಗ. ಇನ್ನೊಂದು ಕೋಷ್ಟಕ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ: ಯಾವ ಮಾಲು ತಯಾರಾಗುತ್ತದೆ, ಯಾರಿಗೆ ಪೂರೈಕೆ. ಕೊನೆಯಲ್ಲಿ ‘ಸಾಲವಿದೆಯೇ, ಮಕ್ಕಳ ಓದಿಗೆ ಅಥವಾ ಮದುವೆಗೆ ನೆರವು ಬೇಕೇ?’

ನನ್ನ ಪಕ್ಕ ಕೂತಿದ್ದವರು ನಮ್ಮ ಓಣಿಯವರೇ, ನಿವೃತ್ತ ಹವಾಲ್ದಾರರು. ಅವರ ಮಗ ಗಡಿಯಲ್ಲಿದ್ದಾನೆ. ಅವರು ಅದೇ ಪೆನ್ನಿನಿಂದ, ಗುಂಡಗಿನ ಅಕ್ಷರದಲ್ಲಿ, ಮಗನ ಹೆಸರು ಬರೆದು ಘಟಕದ ಹೆಸರು ಬರೆಯಲು ಶುರು ಮಾಡಿದ್ದರು. ನಾನು ಕೈ ಹಿಡಿದೆ. ‘ಯಾಕೋ ತಮ್ಮಾ, ಸನ್ಮಾನ ಮಾಡ್ಯಾರ, ಕೇಳಿದ್ದ ಬರದ್ರ ಏನಾಗ್ತೈತಿ?’ ಅಂದರು. ಆ ಮನುಷ್ಯನದು ಕಪಟವಿಲ್ಲದ ಮನಸ್ಸು. ಶಾಲು ಹೊದಿಸಿದವರಿಗೆ ಇಲ್ಲ ಅನ್ನುವುದು ಅವರಿಗೆ ಗೊತ್ತಿಲ್ಲ. ಅರ್ಜಿ ಬರೆಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಹವಾಲ್ದಾರರು ಅರ್ಜಿ ಕೊಡಲಿಲ್ಲ. ಆದರೂ ಕೆಲವು ದಿನಗಳ ಮೇಲೆ ಅವರಿಗೆ ಫೋನು ಬಂತು. ಸೈನಿಕ ಜೀವನದ ಬಗ್ಗೆ ಒಂದು ಲೇಖನ ಬರೆದುಕೊಡಿ, ಗೌರವಧನ ಕೊಡುತ್ತೇವೆ ಎಂದು. ಆಮೇಲೆ, ನಿಮ್ಮ ಮಗನಿಂದಲೂ ಅಲ್ಲಿಯ ಹವೆ, ರಸ್ತೆ, ಊಟ-ವಸತಿ ಬಗ್ಗೆ ಎರಡು ಮಾತು ಬರೆಸಿರಿ, ಅದಕ್ಕೆ ಬೇರೆ ದುಡ್ಡು ಎಂದು. ಮಗಳ ಮದುವೆ ನಿಕ್ಕಿ ಮಾಡಿಕೊಂಡು ಸಾಲಕ್ಕೆ ಓಡಾಡುತ್ತಿದ್ದ ಮನೆ ಅದು. ಅವರು ಬೇಡ ಅಂದರು. ಎಲ್ಲರೂ ಬೇಡ ಅನ್ನುತ್ತಾರೆಂದು ನೀವು ನಂಬುತ್ತೀರಾ?

ಗುಪ್ತಚರ ಕೆಲಸವೆಂದರೆ ರಾತ್ರಿ ಗೋಡೆ ಹಾರಿ ನಕಾಶೆ ಕದಿಯುವುದು ಎಂದು ಜನ ತಿಳಿದಿದ್ದಾರೆ. ಮೊದಲು ಬೇಕಾಗುವುದು ಮನುಷ್ಯರ ಪಟ್ಟಿ. ಯಾರ ಮಗ ಎಲ್ಲಿದ್ದಾನೆ, ಯಾರಿಗೆ ದುಡ್ಡಿನ ಅಡಚಣೆ, ಯಾರಿಗೆ ವೇದಿಕೆಯ ಹಂಬಲ, ಯಾರು ಬಾಯಿ ಬಿಡುತ್ತಾರೆ. ಈ ಪಟ್ಟಿ ಕೈಗೆ ಸಿಕ್ಕ ಮೇಲೆ ಉಳಿದದ್ದಕ್ಕೆ ತಾಳ್ಮೆಯೊಂದಿದ್ದರೆ ಸಾಕು. ನಮ್ಮ ಜಿಲ್ಲೆಯಲ್ಲಿ ಏನೇನಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ, ಕಮಾಂಡೊ ತರಬೇತಿ ಇದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ, ಉದ್ಯಮಬಾಗದಲ್ಲಿ ಫೌಂಡ್ರಿಗಳ ಸಾಲೇ ಇದೆ. ನಮ್ಮ ಹಳ್ಳಿಗಳಲ್ಲಿ ಸೈನ್ಯಕ್ಕೆ ಮಗನನ್ನು ಕೊಟ್ಟ ಮನೆಗಳು ಓಣಿ ಓಣಿಗೆ ಸಿಗುತ್ತವೆ. ಸನ್ಮಾನಕ್ಕೆ ನಮ್ಮನ್ನೇ ಯಾಕೆ ಆರಿಸಿದರು ಎಂಬುದಕ್ಕೆ ಬೇರೆ ಉತ್ತರ ಬೇಕೇ?

ನಾನು ದೂರು ಕೊಟ್ಟೆ, ಅರ್ಜಿಯ ಜೆರಾಕ್ಸ್ ಹಚ್ಚಿದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಅವರು ಮತ್ತೊಂದಕ್ಕೆ. ಒಬ್ಬ ಗುಮಾಸ್ತರು, ‘ಕಾಕಾ, ದೋಸ್ತಿ ಸಂಘಕ್ಕ ಯಾಕ ಅಂಜತೀರಿ, ಪಾಕಿಸ್ತಾನದವ್ರೇನ ಬಂದಿಲ್ಲಲ್ಲ’ ಅಂದರು. ಕಡೆಗೆ ಕೈಗೆ ಬಂದ ಕಾಗದದಲ್ಲಿ ಒಂದೇ ಸಾಲು: ಸದರಿ ಸಂಘವು ನೋಂದಣಿಯಾಗಿದ್ದು ಯಾವುದೇ ಕ್ರಮದ ಅಗತ್ಯ ಕಂಡುಬಂದಿರುವುದಿಲ್ಲ.

ನೋಂದಣಿ ಅಂದರೆ ಏನೆಂದು ನಿಮಗೆ ಗೊತ್ತು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಲ್ಲಿ ಏಳು ಜನ ಸೇರಿ, ಉದ್ದೇಶ ಬರೆದು, ಶುಲ್ಕ ಕಟ್ಟಿದರೆ ಸಂಘವಾಗುತ್ತದೆ. ನಮ್ಮ ಭಜನಾ ಮಂಡಳಿಯೂ ಹಾಗೇ ಆದದ್ದು. ‘ನಿಮ್ಮ ಕಾರ್ಯಕ್ರಮದ ಪಟ್ಟಿ ಯಾವ ದೇಶದಲ್ಲಿ ತಯಾರಾಗುತ್ತದೆ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ದೇಶದ ಗುಟ್ಟು ಹೊರಹಾಕಿದವರನ್ನು ಶಿಕ್ಷಿಸಲು 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆಯಲ್ಲ ಎನ್ನಬಹುದು. ಆದರೆ ಪ್ರಕರಣ ಅಲ್ಲಿಗೆ ಮುಟ್ಟುವ ಹೊತ್ತಿಗೆ ಗುಟ್ಟು ಗಡಿ ದಾಟಿರುತ್ತದೆ, ನಮ್ಮವನೇ ಒಬ್ಬ ಜೈಲಿಗೆ ಹೋಗಿರುತ್ತಾನೆ. ಅರ್ಜಿ ಹಂಚಿದವರು ವಿಮಾನ ಹತ್ತಿರುತ್ತಾರೆ.

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ನಮ್ಮೂರಲ್ಲಿ ಮಾಜಿ ಸೈನಿಕರೆಲ್ಲ ಸೇರಿ ಒಂದು ವಾಚನಾಲಯ ನಡೆಸುತ್ತೇವೆ. ಊರಿನ ಮಗಳೊಬ್ಬಳು ಹೊರದೇಶದಲ್ಲಿದ್ದಾಳೆ, ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಾಳೆ. ತವರಿನ ಮಕ್ಕಳು ಓದಲಿ ಎಂದು ಪುಸ್ತಕಕ್ಕೆ, ಎರಡು ಕಂಪ್ಯೂಟರಿಗೆ ದುಡ್ಡು ಕಳಿಸಿದಳು. ಬ್ಯಾಂಕಿನವರು ವಾಪಸ್ ಕಳಿಸಿದರು. ಕೇಳಿದರೆ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ. ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು, ಪದಾಧಿಕಾರಿಗಳ ಆಧಾರ್ ಕೊಡಬೇಕು, ದಿಲ್ಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆ ತೆಗೆಯಬೇಕು. ನಮ್ಮ ವಾಚನಾಲಯಕ್ಕೆ 15 ಲಕ್ಷ ಎಲ್ಲಿಂದ ಬರಬೇಕು? ನೋಂದಣಿ ಇಲ್ಲದಿದ್ದರೆ ಪೂರ್ವಾನುಮತಿ ಕೇಳಿ ಎಂದರು. ಅದರ ಕಾಗದಪತ್ರ ಹೊಂದಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಕಾಯ್ದೆ ಬಿಗಿಯಾಗಿರಲಿ, ನನ್ನ ತಕರಾರಿಲ್ಲ. ಪರದೇಶದ ದುಡ್ಡಿಗೆ ಕಾವಲು ಬೇಕೇ ಬೇಕು. ಆದರೆ ತವರಿಗೆ ಪುಸ್ತಕ ಕೊಡಿಸುವ ಹೆಣ್ಣುಮಗಳ ದುಡ್ಡು ಬಾಗಿಲಲ್ಲೇ ನಿಲ್ಲುತ್ತದೆ, ಸೈನಿಕನ ರಜೆಯ ತಾರೀಖು ಕೇಳುವವರು ಅದೇ ಬಾಗಿಲಲ್ಲಿ ಹಾರ ಹಾಕಿಸಿಕೊಂಡು ಒಳಗೆ ಬರುತ್ತಾರೆ. ಇದು ಎಂಥ ಕಾವಲು ಸಾಹೇಬರೆ?

ಅವರು ಬ್ಯಾಂಕಿನ ಮೂಲಕ ಬರುವುದೇ ಇಲ್ಲವಲ್ಲ. ಅವರು ಕೊಡುವುದು ವಿಮಾನದ ಟಿಕೆಟ್ಟು, ಹೋಟೆಲಿನ ಕೋಣೆ, ಪ್ರವಾಸ, ಸನ್ಮಾನ. ಅದೇ ಕಾಯ್ದೆಯ 6ನೇ ಕಲಮಿನಲ್ಲಿ ಇದಕ್ಕೂ ತಡೆ ಇದೆ: ಶಾಸನಸಭೆಯ ಸದಸ್ಯರು, ಪಕ್ಷಗಳ ಪದಾಧಿಕಾರಿಗಳು, ನ್ಯಾಯಾಧೀಶರು, ಸರ್ಕಾರಿ ನೌಕರರು ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಹೊರದೇಶದಲ್ಲಿ ವಿದೇಶಿ ಆತಿಥ್ಯ ಪಡೆಯುವಂತಿಲ್ಲ. ‘ಶಾಸನಸಭೆ’ಯ ವ್ಯಾಖ್ಯೆಯಲ್ಲಿ ನಗರಸಭೆ, ಪಂಚಾಯತಿಗಳೂ ಸೇರಿವೆ. ಅಂದರೆ ನಮ್ಮೂರ ಗ್ರಾಮ ಪಂಚಾಯತಿ ಸದಸ್ಯನೂ ಅನುಮತಿ ಕೇಳಬೇಕು. ಇದನ್ನು ಅವರಿಗೆ ಹೇಳಿದವರು ಯಾರು? ಆ ದಿನ ವೇದಿಕೆಯ ಮೇಲೇ ‘ಮುಂದಿನ ವರ್ಷ ಜನಪ್ರತಿನಿಧಿಗಳ ನಿಯೋಗ ಕರೆದೊಯ್ಯುತ್ತೇವೆ, ಒಂದು ಪೈಸೆ ಖರ್ಚಿಲ್ಲ’ ಎಂದು ಘೋಷಣೆ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಿವೃತ್ತರಿಗೆ, ಖಾಸಗಿ ಕಾರ್ಖಾನೆಯವರಿಗೆ ಈ ಕಲಮಿನ ಸೋಂಕೇ ಇಲ್ಲ. ಬಲೆ ಬೀಸುವುದು ಅವರಿಗೇ.

ಹೊರಗಿನ ಪ್ರಪಂಚ ಇದನ್ನೆಲ್ಲ ಕಂಡು ಎಷ್ಟೋ ಕಾಲವಾಯಿತು. ಸೋವಿಯತ್ ಒಕ್ಕೂಟ 1925ರಲ್ಲೇ ಹೊರದೇಶಗಳ ಸಾಂಸ್ಕೃತಿಕ ಸಂಬಂಧಕ್ಕೆಂದು ವೋಕ್ಸ್ ಎಂಬ ಸಂಘ ಕಟ್ಟಿತ್ತು. ಅದು ಕರೆಸಿಕೊಂಡ ಲೇಖಕರು, ವಿಜ್ಞಾನಿಗಳ ಬಗ್ಗೆ ಅದರ ಮಾರ್ಗದರ್ಶಕರು ವರದಿ ಬರೆಯುತ್ತಿದ್ದರು. 1933ರಲ್ಲಿ ನಾಜಿಗಳ ಬೆಂಬಲದಿಂದ ಅಮೆರಿಕದಲ್ಲಿ ‘ನವ ಜರ್ಮನಿಯ ಗೆಳೆಯರು’ ಎಂಬ ಸಂಘ ಎದ್ದಿತು. ಇಂಥ ಪ್ರಚಾರ ಕಂಡೇ ಅಮೆರಿಕ 1938ರಲ್ಲಿ ವಿದೇಶಿ ಏಜೆಂಟರ ನೋಂದಣಿ ಕಾಯ್ದೆ ಮಾಡಿತು. ಅಮೆರಿಕದವರು ತಾವೇನು ಕಡಿಮೆ ಮಾಡಲಿಲ್ಲ. 1950ರಲ್ಲಿ ಹುಟ್ಟಿದ ಸಾಂಸ್ಕೃತಿಕ ಸ್ವಾತಂತ್ರ್ಯದ ಕಾಂಗ್ರೆಸ್ ಎಂಬ ಸಂಘಟನೆಗೆ ಅವರ ಗುಪ್ತಚರ ಸಂಸ್ಥೆ ಸಿಐಎ ದುಡ್ಡು ಹರಿಸುತ್ತಿತ್ತೆಂದು 1966-67ರಲ್ಲಿ ಬಯಲಾಯಿತು. ಅದರ ಶಾಖೆ ಮುಂಬೈಯಲ್ಲೂ ಇತ್ತು. ಅದರ ಸಭೆಗಳಿಗೆ ಹೋದ ಎಷ್ಟೋ ಪ್ರಾಮಾಣಿಕರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದೇ ಗೊತ್ತಿರಲಿಲ್ಲ. ಆದ್ದರಿಂದ ಇದನ್ನು ಎಡ-ಬಲದ ಜಗಳ ಮಾಡಬೇಡಿ. ಯಾವ ದೇಶವೇ ಆಗಲಿ, ಪಟ್ಟಿಯಲ್ಲಿ ಹೆಸರು ಬರೆಸಲಿ.

ಈಗ ಚೀನಾ ಈ ಕೆಲಸವನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದೆ. ವಿದೇಶಗಳೊಂದಿಗಿನ ಸ್ನೇಹಕ್ಕಾಗಿ ಎಂದೇ ಹೆಸರಿಟ್ಟುಕೊಂಡ ಅಲ್ಲಿಯ ಜನತಾ ಸಂಘ 1954ರಿಂದ ಇದೆ. ಹೆಸರಿಗೆ ಜನರ ಸಂಘ, ನಡೆಯುವುದು ಪಕ್ಷ-ಸರ್ಕಾರದ ಅಂಕೆಯಲ್ಲಿ. ಸೋದರ ನಗರಗಳ ಒಪ್ಪಂದ, ಅಂದರೆ ಅಲ್ಲಿಯ ಊರು ಹೊರದೇಶದ ಊರಿನೊಂದಿಗೆ ಮಾಡಿಕೊಳ್ಳುವ ಸ್ನೇಹದ ಒಪ್ಪಂದ, ಅದರ ವ್ಯವಹಾರವೂ ಈ ಸಂಘದ್ದೇ. ಈ ಸಂಘ ರಾಜ್ಯ ಮತ್ತು ಸ್ಥಳೀಯ ಮಟ್ಟದ ನಾಯಕರ ಮೇಲೆ ಕೆಟ್ಟ ಉದ್ದೇಶದಿಂದ ಪ್ರಭಾವ ಬೀರಲು ಯತ್ನಿಸಿದೆ ಎಂದು ಹೇಳಿ 2020ರ ಅಕ್ಟೋಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ, ಎರಡೂ ದೇಶಗಳ ಗವರ್ನರುಗಳ ವೇದಿಕೆಗೆ 2011ರಲ್ಲಿ ಮಾಡಿಕೊಂಡಿದ್ದ ಒಪ್ಪಂದದಿಂದ ಹಿಂದೆ ಸರಿಯಿತು. ಗಮನಿಸಿ, ಆ ಸಂಘದವರು ಬೆನ್ನು ಹತ್ತಿದ್ದು ರಾಜಧಾನಿಯವರನ್ನಷ್ಟೇ ಅಲ್ಲ, ಸ್ಥಳೀಯ ನಾಯಕರನ್ನೂ. ಇಂದಿನ ಮೇಯರು ನಾಳೆ ಶಾಸಕ, ನಾಡದು ಮಂತ್ರಿ. ಮೇಲಾಗಿ 2017ರ ಚೀನಾ ಗುಪ್ತಚರ ಕಾನೂನಿನ 7ನೇ ವಿಧಿ, ಅಲ್ಲಿಯ ಪ್ರತಿ ಸಂಸ್ಥೆ, ಪ್ರತಿ ಪ್ರಜೆ ಸರ್ಕಾರದ ಗುಪ್ತಚರ ಕೆಲಸಕ್ಕೆ ನೆರವಾಗಬೇಕು ಎನ್ನುತ್ತದೆ. ಸ್ನೇಹ ಸಂಘವೂ ಒಂದು ಸಂಸ್ಥೆಯೇ.

ಆಸ್ಟ್ರೇಲಿಯದಲ್ಲಿ ಒಂದು ಸಮುದಾಯ ಸಂಘಟನೆಯ ಮುಖ್ಯಸ್ಥನೊಬ್ಬ 2020ರಲ್ಲಿ ಮೆಲ್ಬರ್ನಿನ ಆಸ್ಪತ್ರೆಗೆ 37,450 ಡಾಲರ್ ದೇಣಿಗೆ ಕೊಡಿಸಿದ. ಕೋವಿಡ್ ಕಾಲ, ಯಾರು ಬೇಡ ಅನ್ನುತ್ತಾರೆ? ಅದರ ನೆಪದಲ್ಲಿ ಒಬ್ಬ ಮಂತ್ರಿಯನ್ನು ಚೀನಾ ಪರ ಒಲಿಸುವ ತಯಾರಿ ನಡೆದಿತ್ತೆಂದು ನ್ಯಾಯಾಲಯದಲ್ಲಿ ಸಾಬೀತಾಗಿ, 2024ರಲ್ಲಿ ಅವನಿಗೆ ಎರಡು ವರ್ಷ ಒಂಬತ್ತು ತಿಂಗಳ ಶಿಕ್ಷೆಯಾಯಿತು. ಆ ದೇಶ 2018ರಲ್ಲೇ ವಿದೇಶಿ ಪ್ರಭಾವದ ಪಾರದರ್ಶಕ ಕಾಯ್ದೆ ಮಾಡಿ, ಯಾರು ಬೇಕಾದರೂ ನೋಡಬಹುದಾದ ಪಟ್ಟಿ ಇಟ್ಟಿದೆ. ಬ್ರಿಟನ್ 2025ರ ಜುಲೈಯಿಂದ ಇಂಥದೇ ನೋಂದಣಿ ಶುರು ಮಾಡಿದೆ. ನಮ್ಮಲ್ಲಿ ಯಾಕಿಲ್ಲ?

ನಾನು ಸ್ನೇಹದ ವೈರಿಯಲ್ಲ. ವಿಜಯಪುರದ ಆಚೆ ಸೊಲ್ಲಾಪುರವಿದೆಯಲ್ಲ, ಆ ಊರಿನ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ಚೀನಾಕ್ಕೆ ಹೋದರು. ಗಾಯಗೊಂಡ ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾ 1942ರಲ್ಲಿ, 32ರ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಅದು ಸ್ನೇಹ. ಕೋಟ್ನಿಸರು ಯಾರ ಮನೆಯ ಮಗ ಯಾವ ಠಾಣೆಯಲ್ಲಿದ್ದಾನೆ ಎಂದು ಕೇಳಲಿಲ್ಲ. ಅಂಥವರ ಹೆಸರು ವೇದಿಕೆಯ ಮೇಲೆ ಹೇಳಿ, ಕೆಳಗೆ ಇಂಥ ಅರ್ಜಿ ಹಂಚಿದರೆ ನನ್ನ ಹೊಟ್ಟೆ ಉರಿಯುತ್ತದೆ.

ನಮ್ಮ ರಾಜ್ಯಕ್ಕೇ ಸಂಬಂಧಿಸಿದ್ದೂ ಇದೆ. 2013ರಲ್ಲಿ ಬೆಂಗಳೂರು-ಚೆಂಗ್ಡು ಸೋದರ ನಗರಗಳಾದವು, 2015ರಲ್ಲಿ ಕರ್ನಾಟಕ-ಸಿಚುವಾನ್ ಸೋದರ ರಾಜ್ಯಗಳಾದವು. ದಿಲ್ಲಿಯಲ್ಲಿ ಬೇರೆ ಬೇರೆ ಪಕ್ಷದ ಸರ್ಕಾರಗಳಿದ್ದಾಗ ಆದವು ಇವು. ತಪ್ಪೇನಿಲ್ಲ. ಆದರೆ ಅದರಡಿ ಹೋದವರು ಯಾರು, ಬಂದವರು ಯಾರು, ಖರ್ಚು ಕೊಟ್ಟವರು ಯಾರು, ಇದೂ ಆ ಪಟ್ಟಿಯಲ್ಲಿ ಇರಲಿ.

ಹೀಗೆ ಮಾಡಿದರೆ ಒಳ್ಳೆಯ ಸಂಘಗಳಿಗೂ ತೊಂದರೆ ಎಂದು ನಿಮ್ಮ ಪಕ್ಕದವರು ಹೇಳಬಹುದು. ಭಾಷೆ ಕಲಿಸುವವರಿಗೆ, ಚಿತ್ರ ತೋರಿಸುವವರಿಗೆ, ವಿದ್ಯಾರ್ಥಿಗಳನ್ನು ಕಳಿಸುವವರಿಗೆ ಹೆಸರು ಬರೆಸಲು ಯಾವ ಕಷ್ಟ? ನಾನು ನಿಷೇಧ ಕೇಳುತ್ತಿಲ್ಲ, ಯಾರನ್ನೂ ದೇಶದ್ರೋಹಿ ಅನ್ನುತ್ತಿಲ್ಲ. ಹೆಸರು ಬರೆಸಿ ಅನ್ನುತ್ತಿದ್ದೇನೆ. ಯಾರ ಪರ, ಯಾರ ದುಡ್ಡು, ಯಾರು ಹೋದರು, ಯಾರು ಬಂದರು. ಇಷ್ಟೇ. ಜೊತೆಗೆ ಜಿಲ್ಲೆಯ ಎಲ್ಲ ಪಂಚಾಯತಿ, ನಗರಸಭೆ ಸದಸ್ಯರಿಗೆ 6ನೇ ಕಲಮಿನ ಬಗ್ಗೆ ಕನ್ನಡದಲ್ಲಿ ಒಂದು ಸುತ್ತೋಲೆ ಹೋಗಲಿ. ನಮ್ಮಂಥ ಮಾಜಿ ಸೈನಿಕರ ಕುಟುಂಬಗಳಿಗೆ, ಇಂಥ ಅರ್ಜಿ ಬಂದರೆ ಯಾರಿಗೆ ತಿಳಿಸಬೇಕು, ಯಾವ ಕಚೇರಿ ದೂರು ತೆಗೆದುಕೊಂಡು ಹಿಂಬರಹ ಕೊಡುತ್ತದೆ ಎಂದು ಸ್ಪಷ್ಟವಾಗಿ ಹೇಳಲಿ.

ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಹದಿನೈದು ದಿನ ಮೊದಲು ಸೂಚನೆ ಕೊಡಬೇಕೆಂದು ನನಗೂ ಗೊತ್ತಿದೆ. ಮುಂದಿನ ಅಧಿವೇಶನದಲ್ಲಿ ಗೃಹ ಮಂತ್ರಿಗಳಿಗೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗಿ, ಇದನ್ನು ಕೇಳಿ: ವಿದೇಶಿ ಸರ್ಕಾರಗಳ ಬೆಂಬಲದ ಸ್ನೇಹ ಸಂಘಗಳ ಬಹಿರಂಗ ನೋಂದಣಿಗೆ ಕಾನೂನು ತರುತ್ತೀರಾ, ಇಲ್ಲವಾ? ತರುವುದಾದರೆ ಯಾವಾಗ? ಉತ್ತರ ಏನೇ ಬರಲಿ, ದಾಖಲೆಯಲ್ಲಿ ಬರಲಿ.

ದೂರಿನ ಪ್ರತಿ, ಅರ್ಜಿಯ ಜೆರಾಕ್ಸ್, ನನಗೆ ಬಂದ ಆ ಒಂದು ಸಾಲಿನ ಕಾಗದ, ಮೂರನ್ನೂ ಸ್ಪೀಡ್ ಪೋಸ್ಟಿನಲ್ಲಿ ನಿಮಗೆ ಕಳಿಸಿದ್ದೇನೆ. ಹವಾಲ್ದಾರರು ನಿಮ್ಮೆದುರು ಬಂದು ಹೇಳಲು ತಯಾರಿದ್ದಾರೆ. ಯಾವ ದಿನ, ಎಲ್ಲಿಗೆ ಬರಬೇಕು ತಿಳಿಸಿ. ಇಬ್ಬರೂ ಬರುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಸೈನಿಕ,
ಬೈಲಹೊಂಗಲ ತಾಲೂಕು, ಬೆಳಗಾವಿ ಜಿಲ್ಲೆ