ಸಭೆಯಲ್ಲಿ ನೀನು ಮೈಕ್ ಹಿಡಿದ ಮೇಲೆ

ಚಿ. ಪುಟ್ಟಿಗೆ ಸಣ್ಣಜ್ಜನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಸಣ್ಣಜ್ಜಿಯ ಮಂಡಿನೋವು ಹಾಗೇ ಇದೆ. ತೋಟಕ್ಕೆ ಮೂರನೇ ಸಲ ಮದ್ದು ಹೊಡೆಸಿದೆ, ಆದರೂ ಕೊಳೆ ರೋಗ ಬಿಟ್ಟಿಲ್ಲ. ಹೊಡೆದ ಮದ್ದು ಒಣಗುವಷ್ಟಾದರೂ ಮಳೆ ಬಿಡಬೇಕಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಆಡಿರುತ್ತೀಯ. ಅದಕ್ಕೇ ಕಾಗದ.

ಮೊನ್ನೆ ಶರಾವತಿ ಯೋಜನೆಯ ಅಹವಾಲು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಿನಗೆ ಹೇಳಿರಲಿಲ್ಲ. ನೀನು ಮೈಕ್ ಹಿಡಿದು ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕರೆಂಟು ಮಾಡುವುದು, ಯಾಕೆ ಬೇಕು ಅಂತ ಶುರು ಮಾಡಿದಾಗ ನನಗೆ ಹೆಮ್ಮೆಯೇ ಆಯಿತು. ನಮ್ಮ ಮನೆಯ ಹುಡುಗಿ, ಅಷ್ಟು ಜನರ ಎದುರು, ಚೀಟಿ ನೋಡದೆ ಮಾತಾಡಿದಳು. ಆಮೇಲೆ ಯಾರೋ ಅಡ್ಡ ಮಾತು ಹಾಕಿದರು. ನಿನಗೆ ಸಿಟ್ಟು ಬಂತು. "ಭೂಮಿಯೇ ಸುಡುತ್ತಿರುವಾಗ ನೀವು ನಾಲ್ಕು ಮರದ ಮಾತಾಡುತ್ತಿದ್ದೀರಿ" ಅಂದುಬಿಟ್ಟೆ. ಹಿಂದಿನಿಂದ ಒಬ್ಬ "ಕಂಪನಿಯವರು ಎಷ್ಟು ಕೊಟ್ಟರಮ್ಮಾ?" ಅಂತ ಕೂಗಿದ. ಅಲ್ಲಿಗೆ ಕೆಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ನಿನ್ನ ಕಣ್ಣು ಕೆಂಪಾಗಿತ್ತು. "ಇವರಿಗೆಲ್ಲ ಸೈನ್ಸ್ ಗೊತ್ತಿಲ್ಲ ಸಣ್ಣಜ್ಜ" ಅಂದೆ. ಆಗ ನಾನು ಸುಮ್ಮನಿದ್ದೆ. ಈ ಕಾಗದ ಅದಕ್ಕೆ ಉತ್ತರ.

ಮೊದಲು ನೀನು ಸರಿ ಇರುವ ಕಡೆ ಸರಿ ಅಂತ ಹೇಳಿಬಿಡುತ್ತೇನೆ. ಭೂಮಿ ಬಿಸಿಯಾಗುತ್ತಿದೆ. ಅದಕ್ಕೆ ಮುಖ್ಯ ಕಾರಣ ನಾವು ಸುಡುವ ಕಲ್ಲಿದ್ದಲು, ಎಣ್ಣೆ, ಗ್ಯಾಸು. ಇಂಗಾಲದ ಹೊಗೆಯಿಂದ ಭೂಮಿ ಕಾಯುತ್ತದೆ ಅಂತ ಸ್ವೀಡನ್ನಿನ ಅರ‍್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿ ಹೇಳಿದ್ದ. ಹವಾಯಿಯ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. 2024 ದಾಖಲೆಯಲ್ಲೇ ಅತಿ ಬಿಸಿಯಾದ ವರ್ಷ. ಇದರ ಮೇಲೆ ಯಾರಾದರೂ ವಾದಕ್ಕೆ ಬಂದರೆ ನೀನು ಸೋಲಬೇಕಾಗಿಲ್ಲ. ಸಾಗರದ ನಮ್ಮ ಭಾವ "ಮಳೆ ಮೊದಲೂ ಹೀಗೇ ಇತ್ತು, ಇದೆಲ್ಲ ಬಿಳಿಯರ ನಾಟಕ" ಅನ್ನುತ್ತಾನಲ್ಲ, ಅವನಿಗೆ ನಾನೇ ಎಷ್ಟೋ ಸಲ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ಆದರೆ ಪುಟ್ಟೀ, ಆ ಸಭೆಯಲ್ಲಿ ಒಬ್ಬರಾದರೂ ಭೂಮಿ ಬಿಸಿಯಾಗಿಲ್ಲ ಅಂದರಾ? ನಾನು ಮೊದಲಿಂದ ಕೊನೆಯವರೆಗೂ ಕೂತಿದ್ದೆ. ಒಬ್ಬರೂ ಅನ್ನಲಿಲ್ಲ. ಅವರ ಪ್ರಶ್ನೆ ಬೇರೆ ಇತ್ತು. ಯಾವಾಗಲೂ ನಾವೇ ಯಾಕೆ ಅಂತ ಅವರು ಕೇಳುತ್ತಿದ್ದರು. ನೀನು ಅದಕ್ಕೆ ಉಷ್ಣಾಂಶದ ಗ್ರಾಫ್ ತೋರಿಸಿದೆ.

ನನ್ನ ಕಥೆ ನಿನಗೆ ಅರ್ಧ ಗೊತ್ತು. 1964ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಹದಿನಾಲ್ಕು. ಅಪ್ಪ ಮನೆಯ ಹೆಂಚು ಇಳಿಸಿ, ಬಾಗಿಲು ಕಿತ್ತು, ಗಾಡಿಗೆ ಹೇರಿದ. ತೋಟ ಹೇರಲು ಬರುವುದಿಲ್ಲವಲ್ಲ. ಗೊನೆ ಬಿಟ್ಟ ಮರಗಳನ್ನು ಹಾಗೇ ಬಿಟ್ಟು ಬಂದೆವು. ಒಂಬತ್ತು ವರ್ಷದ ಮೇಲೆ ನಾನು ಅದೇ ನೀರಿನಿಂದ ಓಡುವ ಪವರ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದೆ. ಹತ್ತು ಮೆಷಿನ್, ಈಗಿನ ಲೆಕ್ಕದಲ್ಲಿ 1035 ಮೆಗಾವ್ಯಾಟ್. ಸಂಜೆ ಬೆಂಗಳೂರಿನಿಂದ ಫೋನ್ ಬರುತ್ತಿತ್ತು, ಇನ್ನೊಂದು ಮೆಷಿನ್ ಎತ್ತಿ ಅಂತ. ಎತ್ತುತ್ತಿದ್ದೆವು. ಶಿಫ್ಟ್ ಮುಗಿಸಿ ಮನೆಗೆ ಬಂದರೆ ಅವ್ವ ಚಿಮಣಿ ಬುಡ್ಡಿ ಹಚ್ಚಿಕೊಂಡು ಕಾಯುತ್ತಿದ್ದಳು. ನಮ್ಮ ಹೊಸ ಊರಿಗೆ ಕರೆಂಟು ಬಂದದ್ದು ನಾನು ಕೆಲಸಕ್ಕೆ ಸೇರಿ ಎಂಟು ವರ್ಷವಾದ ಮೇಲೆ.

ಆಗ ನನಗೂ ನಿನ್ನದೇ ವಯಸ್ಸು, ನಿನ್ನದೇ ಬಿಸಿ. ಅಪ್ಪ ಏನಾದರೂ ಗೊಣಗಿದರೆ "ದೇಶಕ್ಕೆ ಕರೆಂಟು ಬೇಡವಾ?" ಅನ್ನುತ್ತಿದ್ದೆ. ಒಂದು ದಿನ ಅಪ್ಪ ಅಂದ, "ಬೇಕು ಮಾರಾಯ. ನಾ ಬೇಡ ಅಂದೆನಾ? ಕೊಟ್ಟವ ಯಾರು ಅಂತ ಕೇಳಿದೆ ಅಷ್ಟೆ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮುಳುಗಡೆಯವರಲ್ಲಿ ಎಷ್ಟೋ ಜನಕ್ಕೆ ಕೂತ ಜಾಗದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಹಿನ್ನೀರಿನ ಆಚೆಯವರು ಲಾಂಚಿಗೆ ಕಾದು ಕಾದು ಮುದುಕರಾದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಣೆಕಟ್ಟು ಮುಗಿದ 61 ವರ್ಷಕ್ಕೆ!

ಇನ್ನು ಈ ಯೋಜನೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಹಗಲು ಸೋಲಾರ್ ಕರೆಂಟು ಜಾಸ್ತಿಯಾದಾಗ ಕೆಳಗಿನ ನೀರನ್ನು ಮೇಲೆತ್ತುವುದು, ಸಂಜೆ ಎಲ್ಲರೂ ದೀಪ ಹಾಕಿದಾಗ ಕೆಳಗೆ ಬಿಡುವುದು. ಭೂಮಿಯೊಳಗೆ 250 ಮೆಗಾವ್ಯಾಟಿನ ಎಂಟು ಮೆಷಿನ್, ಒಟ್ಟು 2000. ಎತ್ತಲು ನೂರು ಯೂನಿಟ್ ಖರ್ಚಾದರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. "ನಷ್ಟದ ಬಾಬ್ತು" ಅಂತ ಸಭೆಯಲ್ಲಿ ಒಬ್ಬರು ನಕ್ಕರಲ್ಲ, ಅದು ತಪ್ಪು ಲೆಕ್ಕ. ಹಗಲು ಯಾರಿಗೂ ಬೇಡವಾದ ಕರೆಂಟನ್ನು ಸಂಜೆಗೆ ಎತ್ತಿಡಲು ಆ ಇಪ್ಪತ್ತೈದು ಯೂನಿಟ್ ಕೂಲಿ ಅಂತ ತಿಳಿಯಬೇಕು. ಇದರಿಂದ ನದಿ ಬತ್ತಿಹೋಗುತ್ತದೆ ಅಂದದ್ದೂ ಪೂರ್ತಿ ಸರಿಯಲ್ಲ. ಅದೇ ನೀರು ಮೇಲೆ ಕೆಳಗೆ ಓಡಾಡುತ್ತದೆ. ಆದರೆ ಅವರಿಗೆ ಆ ಭಯ ಎಲ್ಲಿಂದ ಬಂತು? 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತೆದ್ದಿತ್ತು. ಜಿಲ್ಲೆಯೇ ಬಂದ್ ಆಯಿತು. ಒಮ್ಮೆ ಹಾಗೆ ಹೆದರಿದವರು ಪೈಪ್ ಅಂದ ಕೂಡಲೇ ಮೈಯೆಲ್ಲ ಕಣ್ಣಾಗುತ್ತಾರೆ.

ಅವರ ಇನ್ನೊಂದು ಮಾತು ಮಾತ್ರ ತೆಗೆದುಹಾಕುವಂಥದ್ದಲ್ಲ. ಜಾಗ ಸಿಂಗಳೀಕದ ಅಭಯಾರಣ್ಯ. ಘಟ್ಟದ ಹೊಟ್ಟೆ ಕೊರೆದು ಸುರಂಗ ಮಾಡಬೇಕು, ಲಾರಿ ಹೋಗಲು ರಸ್ತೆ ಅಗಲ ಮಾಡಬೇಕು, ಆಮೇಲೆ ಲೈನು ಎಳೆಯಬೇಕು. 2024ರ ಜುಲೈಯಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದದ್ದನ್ನು ನೀನೂ ಟೀವಿಯಲ್ಲಿ ನೋಡಿದ್ದೀಯ. ನೀನು ಹೇಳುವ ಬಿಸಿಯಿಂದಲೇ ಮಳೆ ಹೀಗೆ ಒಂದೇ ಏಟಿಗೆ ಸುರಿಯುತ್ತದೆ ಅಂದರೆ, ಆ ಮಳೆ ಸುರಿಯುವ ಗುಡ್ಡವನ್ನು ಕೊರೆಯುವಾಗ ಹೆದರುವವನು ನಿನ್ನ ಕಡೆಯವನೇ ಆದ ಅಲ್ವಾ?

ಕೂಗಿದವನ ವಿಷಯ ಹೇಳುತ್ತೇನೆ. ಅವನ ಅಪ್ಪ 64ರಲ್ಲಿ ನಮ್ಮ ಗಾಡಿಯ ಹಿಂದಿನ ಗಾಡಿಯಲ್ಲೇ ಬಂದವ. ಇವನ ಮನೆಯ ಮಾಡಿನ ಮೇಲೆ ಸೋಲಾರ್ ಇದೆ, ತೋಟದ ಬೇಲಿಗೂ ಸೋಲಾರ್. ನಿನ್ನ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೇಲೆ ಇದೆಯಾ? (ಸಿಟ್ಟು ಮಾಡಬೇಡ, ಸುಮ್ನೆ ಕೇಳಿದೆ.) ಕರೆಂಟು ಎತ್ತಿಡುವ ಬ್ಯಾಟರಿಯನ್ನು ಪಾವಗಡದ ಸೋಲಾರ್ ಪಾರ್ಕಿನ ಪಕ್ಕದಲ್ಲೇ ಇಡಬಾರದಾ, ಅಲ್ಲಿ ಕಡಿಯಲು ಕಾಡೂ ಇಲ್ಲ ಅನ್ನುವುದು ಅವನ ವಾದ. ಬ್ಯಾಟರಿಗೆ ಹದಿನೈದು ವರ್ಷ ಆಯುಸ್ಸು, ಪವರ್‌ಹೌಸಿಗೆ ಐವತ್ತಕ್ಕೂ ಜಾಸ್ತಿ ಅಂತ ನೀನು ಹೇಳಬಹುದು. ಹೇಳು. ಅದು ವಾದ. "ಸೈನ್ಸ್ ಗೊತ್ತಿಲ್ಲ" ಅನ್ನುವುದು ವಾದವಲ್ಲ.

ಪಾವಗಡದ ಮಾತು ಬಂತು, ಅದನ್ನೂ ಪೂರ್ತಿ ತಿಳಿದುಕೋ. 13,000 ಎಕರೆ, 2050 ಮೆಗಾವ್ಯಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಅದರ ಮೇಲೆ ನೂರಕ್ಕೆ ಐದು ಜಾಸ್ತಿ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ನಮ್ಮಪ್ಪನಿಗೆ 64ರಲ್ಲಿ ಹಾಗೆ ಯಾರಾದರೂ ಕೇಳಿದ್ದರೆ! ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ಹೆಸರಲ್ಲಿ ಪಹಣಿ ಇರಲಿಲ್ಲ. ಅವರಿಗೆ ಬಾಡಿಗೆ ಬರಲಿಲ್ಲ, ಕೆಲಸ ಮಾತ್ರ ಹೋಯಿತು. ಶುದ್ಧ ಕರೆಂಟಿಗೂ ಯಾರೋ ದುಡ್ಡಲ್ಲದ ಬಿಲ್ಲು ಕಟ್ಟುತ್ತಿರುತ್ತಾರೆ. ಅವರನ್ನು ಹುಡುಕಿ ಲೆಕ್ಕಕ್ಕೆ ಸೇರಿಸುವುದೂ ನಿನ್ನ ಕೆಲಸದ ಭಾಗ.

ಭಾವನ ನಾಟಕದ ಮಾತಿಗೆ ಮತ್ತೆ ಬರುತ್ತೇನೆ, ಅದರೊಳಗೆ ಒಂದು ಕಾಳು ಇದೆ. ತಲೆಗೊಂದು ಲೆಕ್ಕ ಹಾಕಿದರೆ ಒಬ್ಬ ಭಾರತೀಯನ ಇಂಗಾಲದ ಪಾಲು ಲೋಕದ ಸರಾಸರಿಯ ಅರ್ಧವೂ ಇಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ನಮ್ಮ ದೇಶ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರಲು 2070ರ ಗಡುವು ಒಪ್ಪಿಕೊಂಡಿತು, ಜೊತೆಗೆ ಶ್ರೀಮಂತ ದೇಶಗಳು ದುಡ್ಡು ಬಿಚ್ಚಬೇಕು ಅಂತಲೂ ಕೇಳಿತು. ಹೊಗೆ ಬಿಟ್ಟು ಸುಖಪಟ್ಟವರು ನೀವು, ಭಾರ ನಮ್ಮ ತಲೆಗೆ ಯಾಕೆ ಅನ್ನುವುದು ಅದರ ಅರ್ಥ. ಆ ಮಾತು ನಿನಗೆ ನ್ಯಾಯ ಅನಿಸುತ್ತದೆ. ಹೋದ ವರ್ಷ ಹಬ್ಬದಲ್ಲಿ ನೀನೇ ನನಗೆ ವಿವರಿಸಿದ್ದೆ. ಅದೇ ಮಾತನ್ನು ಶರಾವತಿ ಕಣಿವೆಯವರು ಬೆಂಗಳೂರಿಗೆ ಹೇಳಿದರೆ ಅಡ್ಡಗಾಲು ಹಾಕುವವರಾಗಿ ಕಾಣುತ್ತಾರೆ. ಇದೊಂದನ್ನು ಕೂತು ಯೋಚಿಸು.

ಕೈಗಾ ಜಗಳವನ್ನೂ ನಾನು ನೋಡಿದವನು. 1989ರಲ್ಲಿ ಶಿವರಾಮ ಕಾರಂತರು ಅಣುಸ್ಥಾವರ ಬೇಡ ಅಂತ ಲೋಕಸಭೆಗೇ ನಿಂತರು. ಗೆಲ್ಲಲಿಲ್ಲ. ನಮ್ಮ ಕ್ಯಾಂಟೀನಿನಲ್ಲಿ ಅವರನ್ನು ಹಾಸ್ಯ ಮಾಡಿದವರಲ್ಲಿ ನಾನೂ ಒಬ್ಬ. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟ ಕುಸಿದಾಗ ಕ್ಯಾಂಟೀನು ಮೌನವಾಯಿತು. ಆಮೇಲೆ ಅದೇ ಕೈಗಾದ ಒಂದನೇ ಘಟಕ 2018ರ ಕೊನೆಯ ಹೊತ್ತಿಗೆ, ಒಂದು ದಿನವೂ ನಿಲ್ಲದೆ 962 ದಿನ ಓಡಿ ತೋರಿಸಿತು. ಹಾಸ್ಯ ಮಾಡಿದ್ದರ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

ನನ್ನ ಅಭಿಪ್ರಾಯ ಕೇಳುತ್ತೀಯ, ಗೊತ್ತು. ಪವರ್‌ಹೌಸಿನವನಾಗಿ ಕೇಳಿದರೆ ಆ ಎಂಟು ಮೆಷಿನ್ ನೋಡಲು ಆಸೆ. ಸುಳ್ಳು ಯಾಕೆ ಹೇಳಲಿ. 2023ರ ಬರದಲ್ಲಿ ಲಿಂಗನಮಕ್ಕಿ ತುಂಬದೆ, ಕರೆಂಟಿಲ್ಲದೆ, ಪಂಪ್‌ಸೆಟ್ಟಿನ ರೈತರು ಪಟ್ಟ ಪಾಡೂ ಕಣ್ಣಮುಂದಿದೆ. ಆದರೂ ಆ ಘಟ್ಟ ಈಗ ಬೇಡ ಅಂತಲೇ ನನ್ನ ಮನಸ್ಸು ವಾಲುತ್ತದೆ. ಬೇರೆ ಜಾಗ, ಬ್ಯಾಟರಿ, ಏನೇನಿದೆಯೋ ಮೊದಲು ಅದನ್ನು ಮಾಡಲಿ. ಹಳೇ ಹಕ್ಕುಪತ್ರದ ಸಾಲ ತೀರಿಸಲಿ. ನೀನು ಒಪ್ಪಬೇಕಾಗಿಲ್ಲ.

ಬೇಸಿಗೆಯಲ್ಲಿ ರಜೆ ಹಾಕಿ ಬಾ. ನೀರು ತೀರಾ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಕಾಣುತ್ತದೆ. ಮಹಾತ್ಮಾ ಗಾಂಧಿ ಪವರ್‌ಹೌಸಿಗೆ ನೀರು ಕೊಡುತ್ತಿದ್ದ ಕಟ್ಟೆ ಅದು, ಲಿಂಗನಮಕ್ಕಿ ಬಂದ ಮೇಲೆ ಮುಳುಗಿತು. ಕೂಗಿದವನೂ ಜೊತೆಗೆ ಬರುತ್ತಾನೆ. ನಾನು ಹೇಳಿಟ್ಟಿದ್ದೇನೆ. "ಬರಲಿ, ಮೊದಲು ಊಟ, ಆಮೇಲೆ ಜಗಳ" ಅಂದ. ಬರುವಾಗ ಬ್ಯಾಟರಿಯ ಈಗಿನ ರೇಟು, ಎಷ್ಟು ಗಂಟೆ ತಡೆಯುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಾ. ಲ್ಯಾಪ್‌ಟಾಪ್ ಬೇಡ, ಅವನಿಗೆ ಕನ್ನಡಕ ಬಂದಿದೆ.

ನಿನ್ನ ಸಣ್ಣಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ. ಕೊರಿಯರ್ ಮಾಡಲ್ಲವಂತೆ. ಬಂದೇ ತೆಗೆದುಕೊಂಡು ಹೋಗಬೇಕಂತೆ.

ಇಂತಿ,
ನಿನ್ನ ಸಣ್ಣಜ್ಜ